ಸಿಸಿಟಿವಿ ದೃಶ್ಯವನ್ನು ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯುವ ವಿಡಿಯೊ ಆಗಿಸುವ ಬಗೆ

ಕ್ಯಾಮೆರಾ ಹಾಕಿಸಿದ ಮೇಲೆ ಅದರ ರೆಕಾರ್ಡಿಂಗ್ ಹೊರತೆಗೆಯುವ ಪ್ರಸಂಗ ಹೆಚ್ಚಿನವರಿಗೆ ವರ್ಷಕ್ಕೊಮ್ಮೆಯೂ ಬರುವುದಿಲ್ಲ. ಬಂದ ದಿನ ಮಾತ್ರ ಕೈಕಾಲೇ ಆಡುವುದಿಲ್ಲ. ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಹೋಗಿರುತ್ತಾರೆ, ಬಾಗಿಲ ಬಳಿ ಇಟ್ಟಿದ್ದ ಪಾರ್ಸೆಲ್ ಮಾಯವಾಗಿರುತ್ತದೆ. ಹೇಗೋ ಮೆನು ಹುಡುಕಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಕೊಟ್ಟರೆ ಎದುರಿನವರ ಕಂಪ್ಯೂಟರ್‌ನಲ್ಲಿ ಆ ಫೈಲ್ ತೆರೆಯುವುದೇ ಇಲ್ಲ. ತೆರೆದರೂ ಕಪ್ಪು ಪರದೆ, ಇಲ್ಲವೇ ಜನರೆಲ್ಲ ಓಡುತ್ತಿರುವಂತೆ ಕಾಣುವ ಚಿತ್ರ.

ನಾವಿರುವ ವಸತಿ ಸಮುಚ್ಚಯದ ಕ್ಯಾಮೆರಾಗಳ ಉಸ್ತುವಾರಿ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಒಮ್ಮೆ ಕೆಳಮಹಡಿಯ ಹಿರಿಯರೊಬ್ಬರ ಸೈಕಲ್ ಕಳವಾಯಿತು. ಆತುರದಲ್ಲಿ ನಾನು ದೃಶ್ಯವನ್ನು ಪರಿವರ್ತಿಸಿ, ಮೊಬೈಲ್‌ನಲ್ಲಿ ಕಳುಹಿಸಲು ಆಗುವಷ್ಟು ಚಿಕ್ಕದಾಗಿಸಿ ಕೊಟ್ಟೆ. ಮೂಲ ಫೈಲನ್ನು ಇಟ್ಟುಕೊಳ್ಳಲಿಲ್ಲ. ಎರಡು ವಾರ ಕಳೆದ ಮೇಲೆ, ಮುಖ ಗುರುತು ಸಿಗುತ್ತಿಲ್ಲ, ಮೂಲ ಇದ್ದರೆ ಕೊಡಿ ಎಂಬ ಮಾತು ಬಂತು. ಅಷ್ಟರಲ್ಲಿ ರೆಕಾರ್ಡರ್ ಆ ದಿನದ ಮೇಲೆ ಹೊಸ ದಿನವನ್ನು ಬರೆದಾಗಿತ್ತು. ಮೂಲದಲ್ಲಿ ಮುಖ ಇತ್ತೋ ಇಲ್ಲವೋ ಎಂಬುದು ಇಂದಿಗೂ ಗೊತ್ತಿಲ್ಲ, ಅದನ್ನು ತಿಳಿಯುವ ದಾರಿಯನ್ನು ಮುಚ್ಚಿದವನು ನಾನೇ. ಆದ್ದರಿಂದ ಈ ಬರಹದಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಮೊದಲು ಮೂಲವನ್ನು ಇದ್ದದ್ದು ಇದ್ದ ಹಾಗೆ ಹೊರಗೆ ತೆಗೆದಿಡಿ. ಪರಿವರ್ತನೆ ಏನಿದ್ದರೂ ಅದರ ನಕಲಿನ ಮೇಲೆ.

ಲಕೋಟೆ ಬೇರೆ, ಒಳಗಿನ ಕಾಗದ ಬೇರೆ

ವಿಡಿಯೊ ಫೈಲ್ ಎಂದರೆ ಎರಡು ಸಂಗತಿಗಳು ಸೇರಿದ್ದು. ಚಿತ್ರವನ್ನು ಒತ್ತಿ ಚಿಕ್ಕದಾಗಿಸುವ ವಿಧಾನ ಒಂದು, ಅದಕ್ಕೆ ಕೋಡೆಕ್ ಎನ್ನುತ್ತಾರೆ. ಹೀಗೆ ಒತ್ತಿದ ಚಿತ್ರ, ಧ್ವನಿ, ಸಮಯದ ಗುರುತುಗಳನ್ನು ಒಟ್ಟಾಗಿ ಇಡುವ ಹೊದಿಕೆ ಇನ್ನೊಂದು. ಕೋಡೆಕ್ ಕಾಗದದಲ್ಲಿ ಬರೆದ ಒಕ್ಕಣೆ ಇದ್ದಂತೆ, ಹೊದಿಕೆ ಲಕೋಟೆ ಇದ್ದಂತೆ. ಎಂಪಿ4, ಎವಿಐ, ಎಂಕೆವಿ ಇವೆಲ್ಲ ಲಕೋಟೆಯ ಹೆಸರುಗಳು. ಒಳಗಿನ ಒಕ್ಕಣೆ ಇಂದಿನ ಬಹುತೇಕ ಕ್ಯಾಮೆರಾಗಳಲ್ಲಿ ಎಚ್.264 ಅಥವಾ ಎಚ್.265. ಮೊದಲನೆಯದು 2003ರಿಂದ ಇರುವ ಮಾನದಂಡ, ಈಗಿನ ಯಾವ ಫೋನ್, ಯಾವ ಕಂಪ್ಯೂಟರ್ ಆದರೂ ಅದನ್ನು ಓದುತ್ತದೆ. ಎರಡನೆಯದು 2013ರದು. ಅದೇ ಗುಣಮಟ್ಟವನ್ನು ಸರಿಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ, ಆದರೆ ಎಲ್ಲ ಕಂಪ್ಯೂಟರ್‌ಗಳೂ ಅದನ್ನು ತಾವಾಗಿ ಓದುವುದಿಲ್ಲ. ಕಪ್ಪು ಪರದೆಯ ದೂರು ಬಂದಾಗ ಮೊದಲ ಅನುಮಾನ ಇದರ ಮೇಲೆಯೇ ಹೋಗಬೇಕು.

ರೆಕಾರ್ಡರ್ ತಯಾರಕರು ಈ ಎಲ್ಲರಿಗೂ ತಿಳಿದ ಒಕ್ಕಣೆಯನ್ನು ತಮ್ಮದೇ ವಿಚಿತ್ರ ಲಕೋಟೆಯಲ್ಲಿ ಹಾಕುತ್ತಾರೆ. ಹಾಗಾಗಿ ನಮ್ಮ ಕೆಲಸ ಬಹಳ ಸಲ ಲಕೋಟೆ ಬದಲಿಸುವುದಷ್ಟೇ. ಕಾಗದವನ್ನು ಮುಟ್ಟುವುದಿಲ್ಲ, ಗುಣಮಟ್ಟದಲ್ಲಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಒಂದು ಗಂಟೆಯ ದೃಶ್ಯಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಇನ್ನೊಂದು ದಾರಿ, ಕಾಗದವನ್ನೇ ಹೊಸದಾಗಿ ನಕಲು ಬರೆಯುವುದು. ಇದು ಮರುಎನ್‌ಕೋಡಿಂಗ್. ಇದರಲ್ಲಿ ಪ್ರತಿ ಬಾರಿಯೂ ಏನಾದರೊಂದು ಸೂಕ್ಷ್ಮ ಕಳೆದುಹೋಗುತ್ತದೆ. ಮೊದಲೇ ಮಸುಕಾಗಿದ್ದ ನಂಬರ್ ಪ್ಲೇಟಿನ ಅಂಕಿ ಅಲ್ಲಿಗೆ ಮುಗಿಯಿತು. ಅಂತರ್ಜಾಲದ ಎಷ್ಟೋ ಸಲಹೆಗಳು ಎರಡನ್ನೂ ಕನ್ವರ್ಟ್ ಎಂಬ ಒಂದೇ ಹೆಸರಿನಿಂದ ಕರೆಯುತ್ತವೆ. ಅಲ್ಲಿಂದಲೇ ಅನಾಹುತ ಶುರುವಾಗುತ್ತದೆ.

ರೆಕಾರ್ಡರ್ ಮುಂದೆ ಕುಳಿತಾಗ

1. ಗಡಿಯಾರ ನೋಡಿ. ರೆಕಾರ್ಡರ್ ಪರದೆಯ ಸಮಯ ಮತ್ತು ನಿಮ್ಮ ಮೊಬೈಲ್‌ನ ಸಮಯ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಇನ್ನೊಂದು ಫೋನಿನಿಂದ ಫೋಟೊ ತೆಗೆದುಕೊಳ್ಳಿ. ನಮ್ಮ ರೆಕಾರ್ಡರ್ ಒಮ್ಮೆ 10:19 ತೋರಿಸುತ್ತಿದ್ದಾಗ ಮೊಬೈಲ್‌ನಲ್ಲಿ 10:30 ಆಗಿತ್ತು. ಎಂದರೆ ಅದು 11 ನಿಮಿಷ ಹಿಂದೆ. ಸಂಜೆ 6:40ಕ್ಕೆ ನಡೆದ ಘಟನೆಯನ್ನು ಅದರಲ್ಲಿ 6:29ಕ್ಕೆ ಹುಡುಕಬೇಕು. ಇದನ್ನು ಗಮನಿಸದೆ, ಕ್ಯಾಮೆರಾದಲ್ಲಿ ಏನೂ ಬಿದ್ದಿಲ್ಲ ಎಂದು ಎದ್ದು ಹೋದವರನ್ನು ನಾನು ಕಂಡಿದ್ದೇನೆ. ಗಡಿಯಾರ ತಪ್ಪಿದೆ ಎಂದು ಗೊತ್ತಾದ ಕೂಡಲೇ ಸರಿಪಡಿಸಲು ಹೋಗಬೇಡಿ. ಮೊದಲು ದೃಶ್ಯ ಹೊರಗೆ ಬರಲಿ. ನಡುವೆ ಸಮಯ ಬದಲಿಸಿದರೆ ಒಂದೇ ಹೊತ್ತಿಗೆ ಎರಡು ರೆಕಾರ್ಡಿಂಗ್‌ಗಳು ಬಂದೋ, ನಡುವೆ ಖಾಲಿ ಜಾಗ ಉಳಿದೋ ಹುಡುಕಾಟ ಗೋಜಲಾಗುತ್ತದೆ.

2. ಅಳಿಸುವಿಕೆಗೆ ತಡೆ ಹಾಕಿ. ಹಾರ್ಡ್ ಡಿಸ್ಕ್ ತುಂಬಿದಂತೆ ರೆಕಾರ್ಡರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಪ್ಲೇಬ್ಯಾಕ್ ಮೆನುವಿನಲ್ಲಿ ಬೇಕಾದ ತುಣುಕಿಗೆ ಬೀಗ ಹಾಕುವ ಸೌಲಭ್ಯ ಇದ್ದರೆ ಬಳಸಿ. ಇಲ್ಲದಿದ್ದರೆ ಡಿಸ್ಕ್ ಸೆಟ್ಟಿಂಗ್‌ನಲ್ಲಿ ಓವರ್‌ರೈಟ್ ಆಯ್ಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಮತ್ತೆ ಚಾಲೂ ಮಾಡಲು ಮರೆತರೆ ಡಿಸ್ಕ್ ತುಂಬಿದ ದಿನ ರೆಕಾರ್ಡಿಂಗ್ ನಿಂತುಹೋಗುತ್ತದೆ. ನಾನು ಆ ಆಯ್ಕೆಯನ್ನು ಮುಟ್ಟಿದ ಕೂಡಲೇ ಒಂದು ಚೀಟಿ ಬರೆದು ರೆಕಾರ್ಡರ್ ಮೇಲೆ ಅಂಟಿಸುತ್ತೇನೆ.

3. ಪೆನ್‌ಡ್ರೈವ್ ಸಿದ್ಧಮಾಡಿ. ಖಾಲಿಯಾಗಿರಲಿ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯ ಪೆನ್‌ಡ್ರೈವ್ ಎಷ್ಟೋ ರೆಕಾರ್ಡರ್‌ಗಳ ಕಣ್ಣಿಗೇ ಬೀಳುವುದಿಲ್ಲ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ ಎಂಬ ಮಿತಿ ಇದೆ. ಲೆಕ್ಕ ಸುಲಭ: ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಬರೆಯುತ್ತಿದ್ದರೆ ಗಂಟೆಗೆ 1.8 ಜಿಬಿ ಆಗುತ್ತದೆ. ಎಂದರೆ ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಮಿತಿ ಮುಟ್ಟುತ್ತದೆ. ಒಳ್ಳೆಯ ರೆಕಾರ್ಡರ್‌ಗಳು ತಾವೇ ಫೈಲನ್ನು ತುಂಡು ಮಾಡುತ್ತವೆ. ಕೆಲವು ಅರ್ಧದಲ್ಲಿ ಕೈಬಿಡುತ್ತವೆ. ಆದ್ದರಿಂದ ಒಂದೊಂದು ಗಂಟೆಯಂತೆ ತೆಗೆಯುವುದೇ ಕ್ಷೇಮ.

4. ಚಾನೆಲ್ (ಎಂದರೆ ಯಾವ ಕ್ಯಾಮೆರಾ ಎಂಬುದು) ಮತ್ತು ಸಮಯ ಆರಿಸಿ. ಘಟನೆಗೆ ಹಿಂದೆ ಮುಂದೆ ಕನಿಷ್ಠ ಐದೈದು ನಿಮಿಷ ಸೇರಿಸಿ. ಕಳ್ಳನ ಮುಖ ಕಾಣುವುದು ಬಹಳ ಸಲ ಕಳವಿನ ಗಳಿಗೆಯಲ್ಲಲ್ಲ, ಅವನು ನಡೆದು ಬರುವಾಗ. ಅದೇ ಹೊತ್ತಿನ ಅಕ್ಕಪಕ್ಕದ ಕ್ಯಾಮೆರಾಗಳನ್ನೂ ತೆಗೆದುಕೊಳ್ಳಿ. ಮೇನ್ ಸ್ಟ್ರೀಮ್, ಸಬ್ ಸ್ಟ್ರೀಮ್ ಎಂಬ ಆಯ್ಕೆ ಬಂದರೆ ಕಣ್ಣು ಮುಚ್ಚಿ ಮೇನ್ ಸ್ಟ್ರೀಮ್ ಆರಿಸಿ. ಸಬ್ ಸ್ಟ್ರೀಮ್ ಮೊಬೈಲ್‌ನಲ್ಲಿ ಬೇಗ ಕಾಣಲೆಂದು ಮಾಡಿದ ಕಡಿಮೆ ಗುಣಮಟ್ಟದ ಚಿತ್ರ.

5. ಎರಡು ಬಗೆಯಲ್ಲಿ ಎಕ್ಸ್‌ಪೋರ್ಟ್ ಮಾಡಿ. ಬ್ಯಾಕಪ್ ಮೆನುವಿನಲ್ಲಿ ಸಾಮಾನ್ಯವಾಗಿ ತಯಾರಕರ ಸ್ವಂತ ಮಾದರಿ ಒಂದು, ಎಂಪಿ4 ಅಥವಾ ಎವಿಐ ಇನ್ನೊಂದು ಎಂದು ಇರುತ್ತದೆ. ಎರಡೂ ಬೇಕು. ಸ್ವಂತ ಮಾದರಿಯ ಫೈಲ್‌ನಲ್ಲಿ ಸಮಯದ ಗುರುತು ಮತ್ತು ಅನೇಕ ರೆಕಾರ್ಡರ್‌ಗಳಲ್ಲಿ ಕಣ್ಣಿಗೆ ಕಾಣದ ನೀರುಗುರುತು (ವಾಟರ್‌ಮಾರ್ಕ್) ಇರುತ್ತದೆ. ದೃಶ್ಯವನ್ನು ಯಾರೂ ತಿದ್ದಿಲ್ಲ ಎಂದು ತಯಾರಕರ ಪ್ಲೇಯರ್ ಪರೀಕ್ಷಿಸುವುದು ಅದರ ಆಧಾರದ ಮೇಲೆಯೇ. ಎಂಪಿ4 ಮಾಡಿದ ಕ್ಷಣ ಅದು ಹೋಗುತ್ತದೆ. ಪ್ಲೇಯರನ್ನೂ ಜೊತೆಗೆ ಹಾಕಬೇಕೇ ಎಂದು ರೆಕಾರ್ಡರ್ ಕೇಳಿದರೆ ಹೌದು ಎನ್ನಿ.

6. ಎದ್ದು ಹೋಗುವ ಮೊದಲು ತೆರೆದು ನೋಡಿ. ಪೆನ್‌ಡ್ರೈವನ್ನು ಲ್ಯಾಪ್‌ಟಾಪ್‌ಗೆ ಹಾಕಿ ಆರಂಭ, ನಡು, ಕೊನೆ ಮೂರನ್ನೂ ಓಡಿಸಿ. ಪ್ರಗತಿ ಪಟ್ಟಿ ನೂರಕ್ಕೆ ನೂರು ತಲುಪಿದ ಮೇಲೂ ಫೈಲ್ ಸೊನ್ನೆ ಗಾತ್ರದಲ್ಲಿ ಬಿದ್ದಿದ್ದನ್ನು ನೋಡಿದ್ದೇನೆ.

ರೆಕಾರ್ಡರ್ ಎತ್ತರದ ಕಪಾಟಿನಲ್ಲೋ ಬೀಗ ಹಾಕಿದ ಕೋಣೆಯಲ್ಲೋ ಇದ್ದರೆ ಜಾಲದ ಮೂಲಕವೂ ತೆಗೆಯಬಹುದು. ಹಿಕ್‌ವಿಷನ್‌ನವರ ಐವಿಎಂಎಸ್-4200, ದಾಹುವಾದವರ ಸ್ಮಾರ್ಟ್‌ಪಿಎಸ್‌ಎಸ್ ಇಂಥ ತಂತ್ರಾಂಶಗಳು. ಬ್ರೌಸರ್‌ನಲ್ಲಿ ರೆಕಾರ್ಡರ್‌ನ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬರೆದು ಒಳಹೋಗುವ ದಾರಿಯೂ ಇದೆ. ಹಳೆಯ ರೆಕಾರ್ಡರ್‌ಗಳ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಸರಿಯಾಗಿ ತೆರೆಯುತ್ತಿತ್ತು. ಆ ಬ್ರೌಸರ್‌ನ 11ನೇ ಆವೃತ್ತಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಬೆಂಬಲ ನಿಲ್ಲಿಸಿತು. ಈಗ ಎಡ್ಜ್ ಬ್ರೌಸರ್‌ನಲ್ಲಿ ಐಇ ಮೋಡ್ ಎಂಬ ಆಯ್ಕೆಯನ್ನು ಚಾಲೂ ಮಾಡಿ ಅದೇ ಪುಟ ತೆರೆಯಬಹುದು.

ಒಂದು ಎಚ್ಚರಿಕೆ. ರೆಕಾರ್ಡರ್‌ನ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಕಂಪ್ಯೂಟರ್‌ಗೆ ಜೋಡಿಸೋಣ ಎಂಬ ಯೋಚನೆ ಬಂದರೆ ಬಿಟ್ಟುಬಿಡಿ. ಅನೇಕ ರೆಕಾರ್ಡರ್‌ಗಳು ತಮ್ಮದೇ ಫೈಲ್ ವ್ಯವಸ್ಥೆ ಬಳಸುತ್ತವೆ, ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳುತ್ತದೆ. ಆತಂಕದಲ್ಲಿರುವ ಬೆರಳು ಹೌದು ಎಂಬ ಗುಂಡಿಯ ಮೇಲೆ ಬಿದ್ದರೆ ಆ ಡಿಸ್ಕ್‌ನಲ್ಲಿದ್ದ ಅಷ್ಟೂ ದಿನಗಳು ಅಪಾಯಕ್ಕೆ ಸಿಕ್ಕಿದಂತೆ.

ಕೈಗೆ ಬಂದ ಫೈಲ್ ಯಾವುದು?

ಈಗ ಪೆನ್‌ಡ್ರೈವ್‌ನಲ್ಲಿರುವುದನ್ನು ಕಂಪ್ಯೂಟರ್‌ನಲ್ಲಿ ಎರಡು ಜಾಗಗಳಿಗೆ ನಕಲು ಮಾಡಿ. ಒಂದು ಫೋಲ್ಡರಿಗೆ ಮೂಲ ಎಂದು ಹೆಸರಿಟ್ಟು, ಫೈಲ್‌ಗಳಿಗೆ ಓದಲು ಮಾತ್ರ ಎಂಬ ಗುಣ ಕೊಟ್ಟು ಮುಚ್ಚಿಬಿಡಿ. ಇನ್ನೊಂದು ನಿಮ್ಮ ಕೆಲಸದ ಫೋಲ್ಡರ್.

ಫೈಲ್‌ನ ಹೆಸರಿನ ಬಾಲವನ್ನು, ಎಂದರೆ ಕೊನೆಯ ಚುಕ್ಕೆಯ ನಂತರದ ಅಕ್ಷರಗಳನ್ನು, ಪೂರ್ತಿ ನಂಬುವಂತಿಲ್ಲ. ದಾಹುವಾ ರೆಕಾರ್ಡರ್‌ಗಳ ಫೈಲ್ ಡಿಎವಿ ಎಂಬ ಬಾಲ ಹೊತ್ತಿರುತ್ತದೆ, ಅಲ್ಲಿ ಗೊಂದಲವಿಲ್ಲ. ಹಿಕ್‌ವಿಷನ್ ರೆಕಾರ್ಡರ್‌ಗಳಿಂದ ಬರುವ ಫೈಲ್‌ಗೆ ಎಂಪಿ4 ಎಂಬ ಹೆಸರಿದ್ದರೂ ಬಹಳ ಸಲ ಒಳಗಿರುವುದು ಎಂಪೆಗ್-ಪಿಎಸ್ ಎಂಬ ಬೇರೆ ಲಕೋಟೆ. ಹೆಸರು ನೋಡಿ ಫೋನ್ ತೆರೆಯಲು ಹೋಗುತ್ತದೆ, ಒಳಗೆ ಬೇರೇನೋ ಕಂಡು ಕೈಚೆಲ್ಲುತ್ತದೆ. ಪರೀಕ್ಷಿಸುವ ಸರಳ ಉಪಾಯವೊಂದಿದೆ. ಚಿಕ್ಕದೊಂದು ತುಣುಕಿನ ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಿಲ್ಲದ ಚಿಹ್ನೆಗಳ ರಾಶಿಯ ಮೊಟ್ಟಮೊದಲಲ್ಲಿ ಡಿ-ಎಚ್-ಎ-ವಿ ಎಂಬ ನಾಲ್ಕು ಅಕ್ಷರ ಕಂಡರೆ ಅದು ದಾಹುವಾ ಲಕೋಟೆ, ಐ-ಎಂ-ಕೆ-ಎಚ್ ಕಂಡರೆ ಹಿಕ್‌ವಿಷನ್. ಏನನ್ನೂ ಸೇವ್ ಮಾಡದೆ ಮುಚ್ಚಿ.

ಇನ್ನೂ ವಿವರ ಬೇಕಿದ್ದರೆ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶಕ್ಕೆ ಫೈಲನ್ನು ಎಳೆದು ಹಾಕಿ. ಒಳಗಿನ ಕೋಡೆಕ್, ಚಿತ್ರದ ಅಳತೆ, ಸೆಕೆಂಡಿಗೆ ಎಷ್ಟು ಚೌಕಟ್ಟು (ಫ್ರೇಮ್, ಎಂದರೆ ಬಿಡಿ ಚಿತ್ರ), ಧ್ವನಿ ಯಾವ ಮಾದರಿ ಎಂಬುದನ್ನು ಅದು ಹೇಳುತ್ತದೆ. ಈ ನಾಲ್ಕನ್ನು ಬರೆದಿಟ್ಟುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಲಕೋಟೆ ಬದಲಿಸುವುದು

ಮೊದಲು ತಯಾರಕರ ಪ್ಲೇಯರ್‌ನಲ್ಲೇ ಪ್ರಯತ್ನಿಸಿ. ದಾಹುವಾದ ಸ್ಮಾರ್ಟ್‌ಪ್ಲೇಯರ್, ಹಿಕ್‌ವಿಷನ್‌ನ ವಿಎಸ್‌ಪ್ಲೇಯರ್ ಇಂಥವುಗಳಲ್ಲಿ ಫೈಲ್ ತೆರೆದು ಎಂಪಿ4 ಅಥವಾ ಎವಿಐ ಆಗಿ ಉಳಿಸುವ ಸೌಲಭ್ಯವಿದೆ. ತಯಾರಕರಿಗೆ ತಮ್ಮ ಲಕೋಟೆಯ ಒಳಗುಟ್ಟು ಗೊತ್ತಿರುವುದರಿಂದ ಸಮಯ, ವೇಗ ಇತ್ಯಾದಿ ಇಲ್ಲಿ ಕೆಡುವ ಸಂಭವ ಕಡಿಮೆ. ತಂತ್ರಾಂಶವನ್ನು ತಯಾರಕರ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಫೈಲನ್ನು ಅಪ್‌ಲೋಡ್ ಮಾಡಿಸಿಕೊಂಡು ಪರಿವರ್ತಿಸಿ ಕೊಡುವ ಜಾಲತಾಣಗಳ ಕಡೆಗೆ ಹೋಗಲೇಬೇಡಿ. ಆ ದೃಶ್ಯದಲ್ಲಿ ನಿಮ್ಮ ಮನೆಯ ಬಾಗಿಲಿದೆ, ನೆರೆಯವರ ಮಕ್ಕಳ ಮುಖವಿದೆ.

ಅದು ಕೈಕೊಟ್ಟರೆ ನಾನು ಹಿಡಿಯುವುದು ಲಾಸ್‌ಲೆಸ್‌ಕಟ್. ಎಫ್‌ಎಫ್‌ಎಂಪೆಗ್ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶಕ್ಕೆ ತೊಡಿಸಿದ ಸರಳ ಮುಖ ಅದು. ಆಜ್ಞೆಗಳನ್ನು ಟೈಪ್ ಮಾಡುವ ಗೋಜಿಲ್ಲ. ಎಫ್‌ಎಫ್‌ಎಂಪೆಗ್‌ನ ಹೊಸ ಆವೃತ್ತಿಗಳಿಗೆ ಡಿಎವಿ ಲಕೋಟೆಯನ್ನು ಬಿಚ್ಚುವುದೂ ಬರುತ್ತದೆ. ಕೆಲಸದ ಫೋಲ್ಡರ್‌ನ ಫೈಲನ್ನು ಅದರೊಳಗೆ ಎಳೆದು ಹಾಕಿ. ದೃಶ್ಯ ಕಾಣಿಸದಿದ್ದರೆ ಗಾಬರಿ ಬೇಡ, ಫೈಲ್ ಮೆನುವಿನಲ್ಲಿ ತೋರಿಸಲು ತಾತ್ಕಾಲಿಕ ನಕಲು ಮಾಡಿಕೊಳ್ಳುವ ಆಯ್ಕೆ ಇದೆ. ಔಟ್‌ಪುಟ್ ಮಾದರಿ ಎಂಪಿ4 ಎಂದು ಆರಿಸಿ ಎಕ್ಸ್‌ಪೋರ್ಟ್ ಒತ್ತಿ. ಒಳಗಿನ ಒಕ್ಕಣೆ ಹಾಗೆಯೇ ಉಳಿದು ಲಕೋಟೆ ಮಾತ್ರ ಬದಲಾಗುತ್ತದೆ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಧ್ವನಿ. ಕ್ಯಾಮೆರಾಗಳ ಧ್ವನಿ ಬಹುಪಾಲು ಜಿ.711 ಎಂಬ ದೂರವಾಣಿ ಕಾಲದ ಮಾದರಿಯಲ್ಲಿರುತ್ತದೆ. ಎಂಪಿ4 ಲಕೋಟೆಗೆ ಅದು ಒಗ್ಗುವುದಿಲ್ಲ. ಎಕ್ಸ್‌ಪೋರ್ಟ್ ವಿಫಲವಾಯಿತು ಎಂಬ ಸಂದೇಶ ಬಂದರೆ ಔಟ್‌ಪುಟ್ ಮಾದರಿಯನ್ನು ಎಂಕೆವಿ ಎಂದು ಬದಲಿಸಿ ನೋಡಿ, ಬಹುತೇಕ ಅಲ್ಲಿಗೆ ಸರಿಹೋಗುತ್ತದೆ. ಎಂಪಿ4 ಆಗಲೇಬೇಕಿದ್ದರೆ ಅವಿಡೆಮಕ್ಸ್ ಬಳಸಬಹುದು. ಎಡಗಡೆಯ ಪಟ್ಟಿಯಲ್ಲಿ ವಿಡಿಯೊ ಔಟ್‌ಪುಟ್ ಎಂಬಲ್ಲಿ ಕಾಪಿ, ಆಡಿಯೊ ಔಟ್‌ಪುಟ್ ಎಂಬಲ್ಲಿ ಎಎಸಿ, ಔಟ್‌ಪುಟ್ ಮಾದರಿಯಲ್ಲಿ ಎಂಪಿ4 ಮಕ್ಸರ್ ಆರಿಸಿ ಉಳಿಸಿ. ಚಿತ್ರ ಮೂಲದ್ದೇ, ಧ್ವನಿ ಮಾತ್ರ ಹೊಸ ಮಾದರಿಗೆ ಬರುತ್ತದೆ.

ವಿಎಲ್‌ಸಿ ಪ್ಲೇಯರ್ ಬಗ್ಗೆ ಒಂದು ಮಾತು. ವಿಚಿತ್ರ ಫೈಲ್‌ಗಳನ್ನು ತೆರೆದು ನೋಡಲು ಅದು ಬಹಳ ಒಳ್ಳೆಯದು. ಆದರೆ ಅದರ ಕನ್ವರ್ಟ್ ಮೆನು ಸುಮ್ಮನೆ ಬಿಟ್ಟರೆ ಮರುಎನ್‌ಕೋಡ್ ಮಾಡುತ್ತದೆ. ಪ್ರೊಫೈಲ್ ತಿದ್ದುವ ಕಿಟಕಿಯಲ್ಲಿ ಮೂಲ ವಿಡಿಯೊ ಟ್ರ್ಯಾಕ್ ಉಳಿಸಿಕೊಳ್ಳುವ ಆಯ್ಕೆಗೆ ಗುರುತು ಹಾಕಿದರೆ ಮಾತ್ರ ಒಕ್ಕಣೆ ಉಳಿಯುತ್ತದೆ. ನೋಡಲು ವಿಎಲ್‌ಸಿ, ಬದಲಿಸಲು ಬೇರೆಯದು ಎಂಬುದು ನಾನು ಇಟ್ಟುಕೊಂಡಿರುವ ನಿಯಮ.

ಜನರು ಓಡುತ್ತಿರುವಂತೆ ಕಂಡರೆ

ಕೆಲವು ಹಳೆಯ ರೆಕಾರ್ಡರ್‌ಗಳು ಲಕೋಟೆಯೇ ಇಲ್ಲದ ಬರಿ ಒಕ್ಕಣೆಯನ್ನು ಕೊಡುತ್ತವೆ. ಫೈಲ್‌ನ ಬಾಲದಲ್ಲಿ 264 ಅಥವಾ ಎಚ್264 ಎಂದಿರುತ್ತದೆ. ಲಕೋಟೆ ಇಲ್ಲದ ಮೇಲೆ ಸಮಯದ ಗುರುತೂ ಇಲ್ಲ. ಪ್ಲೇಯರ್ ಸೆಕೆಂಡಿಗೆ 25 ಚೌಕಟ್ಟು ಇರಬಹುದೆಂದು ಊಹಿಸಿ ಓಡಿಸುತ್ತದೆ. ಆದರೆ ನಿಮ್ಮ ಕ್ಯಾಮೆರಾ ಸೆಕೆಂಡಿಗೆ 15 ಚೌಕಟ್ಟು ಹಿಡಿಯುತ್ತಿತ್ತು ಎನ್ನಿ. ಒಂದು ಗಂಟೆಗೆ 54,000 ಚೌಕಟ್ಟು. ಅವನ್ನು 25ರ ವೇಗದಲ್ಲಿ ಓಡಿಸಿದರೆ 36 ನಿಮಿಷದಲ್ಲಿ ಗಂಟೆ ಮುಗಿದುಹೋಗುತ್ತದೆ. ನಡೆದು ಬಂದ ಮನುಷ್ಯ ಓಡಿ ಬಂದಂತೆ ಕಾಣುತ್ತಾನೆ. ನಿಧಾನವಾಗಿ ಬಂದ ವಾಹನ ವೇಗವಾಗಿ ನುಗ್ಗಿದಂತೆ ಕಾಣುತ್ತದೆ. ನೋಡುವವರ ತೀರ್ಮಾನವನ್ನೇ ಬದಲಿಸಬಲ್ಲ ದೋಷ ಇದು, ಇದನ್ನು ಸರಿಪಡಿಸದೆ ಯಾರಿಗೂ ಕೊಡಬಾರದು.

ಪರಿಹಾರ ಹೀಗಿದೆ. ದೃಶ್ಯದ ಮೂಲೆಯಲ್ಲಿ ಕಾಣುವ ಗಡಿಯಾರದ ಒಂದು ಪೂರ್ಣ ನಿಮಿಷ ದಾಟಲು ಪ್ಲೇಯರ್‌ನಲ್ಲಿ ಎಷ್ಟು ಸೆಕೆಂಡು ಹಿಡಿಯಿತು ನೋಡಿ. 36 ಸೆಕೆಂಡು ಹಿಡಿದರೆ 25 ಗುಣಿಸು 36 ಭಾಗಿಸು 60, ಎಂದರೆ 15. ಅದೇ ನಿಜವಾದ ಚೌಕಟ್ಟಿನ ದರ. ಎಂಕೆವಿಟೂಲ್‌ನಿಕ್ಸ್ ತಂತ್ರಾಂಶದಲ್ಲಿ ಆ ಬರಿ ಫೈಲನ್ನು ಸೇರಿಸಿ, ವಿಡಿಯೊ ಟ್ರ್ಯಾಕ್ ಮೇಲೆ ಒತ್ತಿ, ಬಲಗಡೆ ಡಿಫಾಲ್ಟ್ ಡ್ಯೂರೇಶನ್ ಎಂಬ ಜಾಗದಲ್ಲಿ 15 ಎಂದು ಚೌಕಟ್ಟಿನ ದರ ಕೊಟ್ಟು ಎಂಕೆವಿ ಮಾಡಿ. ಮರುಎನ್‌ಕೋಡಿಂಗ್ ಇಲ್ಲದೆಯೇ ವೇಗ ಸರಿಯಾಗುತ್ತದೆ. ಬೇಕಿದ್ದರೆ ಆ ಎಂಕೆವಿಯನ್ನು ಲಾಸ್‌ಲೆಸ್‌ಕಟ್‌ನಲ್ಲಿ ಎಂಪಿ4 ಲಕೋಟೆಗೆ ವರ್ಗಾಯಿಸಿ.

ಚಿತ್ರ ಹಿಂಡಿದಂತೆ ಕಂಡರೆ

ಜಾಗ ಉಳಿಸಲೆಂದು ಅನೇಕ ರೆಕಾರ್ಡರ್‌ಗಳು (ಡಿವಿಆರ್) 1080ಎನ್ ಅಥವಾ 1080 ಲೈಟ್ ಎಂಬ ಮಾದರಿಯಲ್ಲಿ ಬರೆಯುತ್ತವೆ. ಇದರ ಅಳತೆ 960×1080, ಎಂದರೆ ಅಡ್ಡಗಲ ಅರ್ಧ. ರೆಕಾರ್ಡರ್ ತನ್ನ ಪರದೆಯಲ್ಲಿ ಅದನ್ನು ಹಿಗ್ಗಿಸಿ ತೋರಿಸುತ್ತದೆ, ಹೊರಗೆ ಬಂದ ಫೈಲ್ ಮಾತ್ರ ಇದ್ದಂತೆಯೇ ಕಾಣುತ್ತದೆ. ಎಲ್ಲರೂ ತೆಳ್ಳಗೆ, ಉದ್ದಕ್ಕೆ. ಎಂಕೆವಿಟೂಲ್‌ನಿಕ್ಸ್‌ನಲ್ಲಿ ಪ್ರದರ್ಶನದ ಅಳತೆ 1920×1080 ಎಂದು ಕೊಟ್ಟರೆ ಒಕ್ಕಣೆ ಮುಟ್ಟದೆ ಸರಿಹೋಗುತ್ತದೆ. ಬರೀ ನೋಡುವುದಾದರೆ ವಿಎಲ್‌ಸಿಯಲ್ಲಿ ಎ ಕೀಲಿಯನ್ನು 16:9 ಬರುವವರೆಗೆ ಒತ್ತಿ.

ತುಣುಕು ಕತ್ತರಿಸುವುದು, ಜೋಡಿಸುವುದು

ಮರುಎನ್‌ಕೋಡಿಂಗ್ ಇಲ್ಲದೆ ಎಲ್ಲಿ ಬೇಕೆಂದರಲ್ಲಿ ಕತ್ತರಿಸಲು ಆಗುವುದಿಲ್ಲ. ವಿಡಿಯೊದಲ್ಲಿ ಪೂರ್ಣ ಚಿತ್ರ ಆಗಾಗ ಒಂದು ಬರುತ್ತದೆ, ಅದರ ಹೆಸರು ಕೀಫ್ರೇಮ್. ನಡುವಿನವುಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಕ್ಯಾಮೆರಾಗಳಲ್ಲಿ ಎರಡು ಕೀಫ್ರೇಮ್‌ಗಳ ನಡುವೆ ಕೆಲವು ಸೆಕೆಂಡುಗಳ ಅಂತರ ಇರುವುದು ಸಾಮಾನ್ಯ. ಆದ್ದರಿಂದ ಆರಂಭದ ಗುರುತನ್ನು ಘಟನೆಗಿಂತ ಹತ್ತು ಸೆಕೆಂಡು ಮುಂಚೆಯೇ ಇಡಿ. ಲಾಸ್‌ಲೆಸ್‌ಕಟ್‌ನಲ್ಲಿ ಐ ಕೀಲಿ ಆರಂಭಕ್ಕೆ, ಒ ಕೀಲಿ ಕೊನೆಗೆ, ಇ ಕೀಲಿ ಎಕ್ಸ್‌ಪೋರ್ಟ್‌ಗೆ. ಮೊದಲ ಕೆಲವು ಸೆಕೆಂಡು ಬೂದು ಬಣ್ಣದ ಚೌಕಗಳು ಕಂಡರೆ ಕತ್ತರಿ ಕೀಫ್ರೇಮ್ ಮೇಲೆ ಬಿದ್ದಿಲ್ಲ ಎಂದು ತಿಳಿಯಿರಿ.

ಮೆಮೊರಿ ಕಾರ್ಡ್ ಇರುವ ಸಣ್ಣ ವೈಫೈ ಕ್ಯಾಮೆರಾಗಳಲ್ಲಿ ತೊಂದರೆ ಬೇರೆ ರೀತಿಯದು. ಅವುಗಳಲ್ಲಿ ಕೆಲವು ಎಂಪಿ4 ಆಗಿಯೇ ಬರೆಯುತ್ತವೆ, ಆದರೆ ನಿಮಿಷಕ್ಕೊಂದು ಫೈಲ್. ಅದೇ ಲಾಸ್‌ಲೆಸ್‌ಕಟ್‌ನ ಜೋಡಿಸುವ ಸೌಲಭ್ಯಕ್ಕೆ ಎಲ್ಲ ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಕೊಡಿ. ಜೋಡಿಸಿದ ಮೇಲೆ ಸಂಧಿಗಳ ಬಳಿ ಗಡಿಯಾರ ಜಿಗಿದಿದೆಯೇ ನೋಡಿ. ಜಿಗಿದಿದ್ದರೆ ಅದನ್ನು ಬರೆದು ತಿಳಿಸಿ, ಮುಚ್ಚಿಡಬೇಡಿ.

ಮರುಎನ್‌ಕೋಡ್ ಮಾಡಲೇಬೇಕಾದಾಗ

ಒಳಗಿರುವುದು ಎಚ್.265 ಆಗಿದ್ದು, ಪಡೆಯುವವರ ಕಂಪ್ಯೂಟರ್ ಅದನ್ನು ಓದದಿದ್ದರೆ, ಅಥವಾ ಫೈಲ್ ಕಳುಹಿಸಲಾಗದಷ್ಟು ದೊಡ್ಡದಿದ್ದರೆ ಮಾತ್ರ ಈ ದಾರಿ. ಹ್ಯಾಂಡ್‌ಬ್ರೇಕ್ ಉಚಿತ, ನಂಬಿಕೆಗೆ ಅರ್ಹ. ಮೇಲಿನ ಕ್ರಮದಲ್ಲಿ ಸಿಕ್ಕಿದ ಎಂಕೆವಿ ಅಥವಾ ಎಂಪಿ4 ಫೈಲನ್ನು ಅದಕ್ಕೆ ಕೊಡಿ. ವಿಡಿಯೊ ಪುಟದಲ್ಲಿ ಎನ್‌ಕೋಡರ್ ಎಚ್.264, ಚೌಕಟ್ಟಿನ ದರ ಮೂಲದಂತೆಯೇ, ಗುಣಮಟ್ಟದ ಅಂಕ 18ರಿಂದ 20ರ ನಡುವೆ. ಈ ಅಂಕ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಧ್ವನಿಗೆ ಎಎಸಿ.

ಡೈಮೆನ್ಷನ್ಸ್ ಪುಟವನ್ನು ಮರೆಯದೆ ನೋಡಿ. ಹ್ಯಾಂಡ್‌ಬ್ರೇಕ್ ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿ ಇದೆ ಎಂದುಕೊಂಡು ತಾನಾಗಿ ಕತ್ತರಿಸುವ ಅಭ್ಯಾಸ ಇಟ್ಟುಕೊಂಡಿದೆ. ರಾತ್ರಿಯ ದೃಶ್ಯದಲ್ಲಿ ಅಂಚುಗಳು ಕತ್ತಲಾಗಿರುವುದು ಸಹಜ. ಅಲ್ಲೇ ಒಬ್ಬ ಮನುಷ್ಯ ನಿಂತಿದ್ದರೆ ಅವನ ಅರ್ಧ ದೇಹವೇ ಹೋಗಬಹುದು. ಕ್ರಾಪಿಂಗ್ ಎಂಬಲ್ಲಿ ಬೇಡ ಎಂಬ ಆಯ್ಕೆ ಮಾಡಿ. ಚಿತ್ರದ ಚುಕ್ಕೆಗಳನ್ನು ಅಳಿಸುವ (ಡಿನಾಯ್ಸ್), ಚಿತ್ರ ಚುರುಕುಗೊಳಿಸುವ ಶೋಧಕಗಳೆಲ್ಲ ಆಫ್ ಇರಲಿ. ಬೆಳಕು ಹೆಚ್ಚಿಸಿ ನೋಡುವ ಆಸೆಯಾದರೆ ಅದಕ್ಕೆ ಬೇರೆಯೇ ನಕಲು ಮಾಡಿ, ಹೆಸರಿನಲ್ಲೇ ತಿದ್ದಿದ್ದು ಎಂದು ಬರೆಯಿರಿ.

ಕೊಡುವ ಮೊದಲು

ಪರಿವರ್ತಿಸಿದ ಫೈಲ್ ಮತ್ತು ಮೂಲ ಎರಡನ್ನೂ ಅಕ್ಕಪಕ್ಕ ತೆರೆದು ಮೂರು ಸಂಗತಿ ಹೋಲಿಸಿ: ಒಟ್ಟು ಅವಧಿ, ವೇಗ, ಮೂಲೆಯ ದಿನಾಂಕ ಮತ್ತು ಸಮಯ. ಕೆಲವು ರೆಕಾರ್ಡರ್‌ಗಳಲ್ಲಿ ಸಮಯ ಚಿತ್ರದಲ್ಲೇ ಅಚ್ಚಾಗಿರುತ್ತದೆ. ಇನ್ನು ಕೆಲವು ಅದನ್ನು ಪ್ರತ್ಯೇಕ ಮಾಹಿತಿಯಾಗಿ ಇಟ್ಟು ಪ್ಲೇಯರ್ ಮೂಲಕ ಮೇಲೆ ತೋರಿಸುತ್ತವೆ. ಅಂಥ ಫೈಲನ್ನು ಎಂಪಿ4 ಮಾಡಿದರೆ ಸಮಯವೇ ಕಾಣೆ. ಹಾಗಾದಾಗ ತಯಾರಕರ ಪ್ಲೇಯರ್‌ನಲ್ಲಿ ಸಮಯ ಸಮೇತ ಉಳಿಸುವ ಆಯ್ಕೆ ಹುಡುಕಿ. ಇಲ್ಲವಾದರೆ ಮೂಲ ಫೈಲ್ ಮತ್ತು ಪ್ಲೇಯರ್ ಎರಡನ್ನೂ ಜೊತೆಗೆ ಕೊಡಿ.

ಮೊಬೈಲ್ ಸಂದೇಶದ ಆ್ಯಪ್‌ಗಳಲ್ಲಿ ವಿಡಿಯೊ ಎಂದು ಕಳುಹಿಸಿದರೆ ಆ್ಯಪ್ ಮತ್ತೊಮ್ಮೆ ಒತ್ತಿ ಹಾಳುಮಾಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಇದ್ದಂತೆಯೇ ತಲುಪುತ್ತದೆ. ಕ್ಯಾಮೆರಾದ ಮೊಬೈಲ್ ಆ್ಯಪ್‌ನಿಂದಲೇ ನೇರವಾಗಿ ಉಳಿಸಿಕೊಂಡ ತುಣುಕು ಸಬ್ ಸ್ಟ್ರೀಮ್ ಆಗಿರುವ ಸಂಭವ ಹೆಚ್ಚು, ಅದನ್ನು ತುರ್ತಿಗೆ ಮಾತ್ರ ಬಳಸಿ. ಪರದೆಯನ್ನು ಫೋನಿನಿಂದ ಚಿತ್ರೀಕರಿಸುವುದು ಇನ್ನಾವ ದಾರಿಯೂ ಇಲ್ಲದಾಗ ಮಾಡುವ ಕೆಲಸ. ಅದನ್ನು ಮಾಡಿದರೂ ಮೂಲವನ್ನು ತೆಗೆಯುವ ಪ್ರಯತ್ನ ನಿಲ್ಲಿಸಬೇಡಿ.

ದೃಶ್ಯ ತನಿಖೆಗೋ ನ್ಯಾಯಾಲಯಕ್ಕೋ ವಿಮೆಗೋ ಹೋಗುವಂತಿದ್ದರೆ ಹ್ಯಾಶ್ ತೆಗೆದಿಡಿ. ಫೈಲ್‌ನ ಬೆರಳಚ್ಚು ಅದು. 7-ಜಿಪ್ ಹಾಕಿಕೊಂಡಿದ್ದರೆ ಫೈಲ್ ಮೇಲೆ ಬಲ ಗುಂಡಿ ಒತ್ತಿ ಸಿಆರ್‌ಸಿ ಎಸ್‌ಎಚ್‌ಎ ಎಂಬ ಮೆನುವಿನಲ್ಲಿ ಎಸ್‌ಎಚ್‌ಎ-256 ಆರಿಸಿ. 64 ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಬರುತ್ತದೆ. ಫೈಲ್‌ನಲ್ಲಿ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಮೂಲ ಫೈಲ್‌ನ ಈ ಸಾಲನ್ನು, ರೆಕಾರ್ಡರ್‌ನ ಮಾದರಿ ಮತ್ತು ಕ್ರಮಸಂಖ್ಯೆಯನ್ನು, ಕ್ಯಾಮೆರಾ ಸಂಖ್ಯೆಯನ್ನು, ಗಡಿಯಾರ ಎಷ್ಟು ನಿಮಿಷ ಹಿಂದೆ ಅಥವಾ ಮುಂದೆ ಇತ್ತು ಎಂಬುದನ್ನು, ತೆಗೆದವರ ಹೆಸರು ಮತ್ತು ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು ಪೆನ್‌ಡ್ರೈವ್ ಜೊತೆಗೆ ಕೊಡಿ. ಅದರ ಪ್ರತಿಯೊಂದನ್ನು ನೀವೂ ಇಟ್ಟುಕೊಳ್ಳಿ. ನಮ್ಮಲ್ಲಿ ಈಗ ಇಂಥ ಹಾಳೆಗಳಿಗೆಂದೇ ರೆಕಾರ್ಡರ್ ಪಕ್ಕದಲ್ಲಿ ಒಂದು ಕಡತ ಇದೆ. ಮೊದಲ ಹಾಳೆ ಆ ಸೈಕಲ್‌ನದ್ದು, ಹ್ಯಾಶ್ ಬರೆಯುವ ಜಾಗ ಅದರಲ್ಲಿ ಖಾಲಿ ಇದೆ.